ಹೊಸ ಯಂತ್ರಕ್ಕೆ ಹಳೆಯ ಪ್ರೋಗ್ರಾಂ ಹೊಂದುವುದೇ?

ಯಂತ್ರವನ್ನು ಕೊಳ್ಳುವಾಗ ಬೆಲೆ, ಖಾತರಿ ಮತ್ತು ಬಿಡಿಭಾಗಗಳ ಲಭ್ಯತೆಯನ್ನು ವಿಚಾರಿಸುವುದು ನಮ್ಮ ಉದ್ಯಮಿಗಳ ವಾಡಿಕೆ. ಹಳೆಯ ಯಂತ್ರಕ್ಕಾಗಿ ಬರೆದಿಟ್ಟ ಪ್ರೋಗ್ರಾಂ ಹೊಸದರಲ್ಲಿ ನಡೆಯುವುದೇ ಎಂದು ಕೇಳುವವರು ವಿರಳ. ಈ ಪ್ರಶ್ನೆಯ ಮಹತ್ವವನ್ನು ಅರಿಯಲು ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂಬ ಪುಟ್ಟ ಸಾಧನದ ಚರಿತ್ರೆಯೇ ಸಾಕು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿ ಬೆಂಗಳೂರಿನಲ್ಲಿ ಅಭಿವೃದ್ಧಿ ಕೇಂದ್ರ ತೆರೆದದ್ದು ನಮಗೆಲ್ಲ ತಿಳಿದಿದೆ. ಅಮೆರಿಕದ ಶಾಲೆಗಳಲ್ಲಿ ಅದರ ಹೆಸರು ಬೇರೂರಿದ್ದು ಕ್ಯಾಲ್ಕುಲೇಟರುಗಳಿಂದ. 1999ರ ಟಿಐ-83 ಪ್ಲಸ್ ಮತ್ತು 2004ರ ಟಿಐ-84 ಪ್ಲಸ್ ಎರಡರಲ್ಲೂ ಝಡ್80 ಮಾದರಿಯ ಸಂಸ್ಕಾರಕ, 96×64 ಬಿಂದುಗಳ ಪರದೆ, ಬಹುತೇಕ ಒಂದೇ ಕೀಲಿವಿನ್ಯಾಸ. ಮೊದಲನೆಯದಕ್ಕೆ ಬರೆದ ಬೇಸಿಕ್ ಪ್ರೋಗ್ರಾಂ ಎರಡನೆಯದರಲ್ಲಿಯೂ ನಡೆಯಿತು. ಶಿಕ್ಷಕರು ಪಾಠಕ್ರಮವನ್ನು ಬದಲಿಸಬೇಕಾಗಲಿಲ್ಲ. ಗ್ರಾಹಕನನ್ನು ಉಳಿಸಿಕೊಳ್ಳಲು ರಿಯಾಯಿತಿಗಿಂತ ಇಂತಹ ಹೊಂದಾಣಿಕೆಯೇ ಬಲವಾದ ಬಂಧ.

ಆದರೆ ಒಂದೇ ಲಾಂಛನವಿದ್ದ ಮಾತ್ರಕ್ಕೆ ಹೊಂದಾಣಿಕೆ ದೊರೆಯದು. ಅದೇ ಸಂಸ್ಥೆಯ 1998ರ ಟಿಐ-89 ಮೋಟೊರೋಲಾ 68000 ಸಂಸ್ಕಾರಕವನ್ನು ಆಧರಿಸಿತ್ತು. ಟಿಐ-83ರ ಪ್ರೋಗ್ರಾಂಗಳು ಅದರಲ್ಲಿ ಹಾಗೆಯೇ ನಡೆಯಲಿಲ್ಲ. 2007ರ ಟಿಐ-ಎನ್‌ಸ್ಪೈರ್‌ಗೆ ಕಳಚಿ ಬದಲಿಸಬಹುದಾದ ಕೀಲಿಮಣೆಯಿತ್ತು. ಅದನ್ನು ಜೋಡಿಸಿದರೆ ಯಂತ್ರವು ಟಿಐ-84 ಪ್ಲಸ್‌ನಂತೆ ವರ್ತಿಸುತ್ತಿತ್ತು. 2011ರ ಸಿಎಕ್ಸ್ ಮಾದರಿಯಲ್ಲಿ ಈ ಸೌಲಭ್ಯ ಇಲ್ಲವಾಯಿತು. 2013ರಲ್ಲಿ ಟಿಐ-84ಕ್ಕೆ 320×240 ಬಿಂದುಗಳ ಬಣ್ಣದ ಪರದೆ ಬಂದಾಗ, ಹಳೆಯ ಪರದೆಯ ಅಳತೆಗೆ ಚಿತ್ರ ಬಿಡಿಸುತ್ತಿದ್ದ ಪ್ರೋಗ್ರಾಂಗಳನ್ನು ತಿದ್ದಬೇಕಾಯಿತು. 2015ರ ಟಿಐ-84 ಪ್ಲಸ್ ಸಿಇ ಯಂತ್ರದಲ್ಲಿಯೂ, 2020ರಲ್ಲಿ ಹೊರಬಂದ ಕಾರ್ಯಾಚರಣಾ ತಂತ್ರಾಂಶವು ಬಳಕೆದಾರರ ಅಸೆಂಬ್ಲಿ ಮತ್ತು ಸಿ ಪ್ರೋಗ್ರಾಂಗಳಿಗೆ ಬಾಗಿಲು ಮುಚ್ಚಿತು. ಯಂತ್ರ ಅದೇ, ಕೊಂಡಾಗ ಇದ್ದ ಸಾಮರ್ಥ್ಯ ಮಾತ್ರ ಇರಲಿಲ್ಲ.

ಸಮಾನ ಭಾಷೆಯೊಂದಿದ್ದರೆ ಸಮಸ್ಯೆ ಬಗೆಹರಿಯುವುದೆಂಬ ವಾದವಿದೆ. ಇಂದು ಟಿಐ, ಕ್ಯಾಸಿಯೊ, ನಮ್‌ವರ್ಕ್ಸ್ ಮೂರೂ ಸಂಸ್ಥೆಗಳ ಕೆಲವು ಮಾದರಿಗಳಲ್ಲಿ ಪೈಥಾನ್ ಇದೆ. ಸರಳ ಲೆಕ್ಕದ ಪ್ರೋಗ್ರಾಂ ಮೂರರಲ್ಲಿಯೂ ನಡೆದೀತು. ಆದರೆ ನಕ್ಷೆ ಬಿಡಿಸಲು ಒಂದರಲ್ಲಿ ಟಿಐ_ಪ್ಲಾಟ್‌ಲಿಬ್, ಇನ್ನೊಂದರಲ್ಲಿ ಕ್ಯಾಸಿಯೊಪ್ಲಾಟ್, ಮತ್ತೊಂದರಲ್ಲಿ ಕ್ಯಾಂಡಿನ್‌ಸ್ಕಿ. ಭಾಷೆ ಒಂದಾದರೂ ಬಳಕೆಯ ಪದಕೋಶ ಬೇರೆ.

ನಮ್ಮ ಪೀಣ್ಯದ ಕಾರ್ಖಾನೆಗಳಿಗೂ ಈ ಅನುಭವ ಹೊಸದಲ್ಲ. ಸಿಎನ್‌ಸಿ ಯಂತ್ರಗಳ ಜಿ-ಕೋಡ್‌ಗೆ ಐಎಸ್‌ಒ 6983 ಮಾನಕವಿದೆ. ಹಾಗಿದ್ದೂ ಆಳವಾದ ರಂಧ್ರ ಕೊರೆಯಲು ಫ್ಯಾನುಕ್ ನಿಯಂತ್ರಕದಲ್ಲಿ ಜಿ83 ಎಂದು ಬರೆದರೆ, ಸೀಮೆನ್ಸ್‌ನ ಸ್ವಂತ ಭಾಷೆಯಲ್ಲಿ ಸೈಕಲ್83 ಎಂದು ಬರೆಯಬೇಕು. ವಿದ್ಯಾರ್ಥಿಯ ಪ್ರೋಗ್ರಾಂ ಕೈಕೊಟ್ಟರೆ ಒಂದು ಸಂಜೆ ಹಾಳು. ಕಾರ್ಖಾನೆಯಲ್ಲಿ ಉಪಕರಣ ಮುರಿದೀತು, ಸರಬರಾಜಿನ ಗಡುವು ತಪ್ಪೀತು.

ತಯಾರಕರು ಹಳೆಯದನ್ನು ಎಂದೆಂದಿಗೂ ಹೊತ್ತು ಸಾಗಬೇಕೆಂಬುದು ನ್ಯಾಯವಲ್ಲ. ಹಾಗೆ ಪಟ್ಟು ಹಿಡಿದಿದ್ದರೆ ಬಣ್ಣದ ಪರದೆ ಬರುತ್ತಿರಲಿಲ್ಲ. ಪರೀಕ್ಷೆಗಳ ಭದ್ರತೆಯೂ ಕಡೆಗಣಿಸತಕ್ಕ ಕಾರಣವಲ್ಲ. ಆದರೆ ಬದಲಾವಣೆಯ ವೆಚ್ಚ ಎಷ್ಟು, ಯಾರದು ಎಂಬುದು ಕೊಳ್ಳುವ ಮುನ್ನವೇ ಸ್ಪಷ್ಟವಾಗಿರಬೇಕು.

ಆದುದರಿಂದ ಸದಸ್ಯರು ತಮ್ಮ ಖರೀದಿ ಆದೇಶದಲ್ಲಿ ಮೂರು ಷರತ್ತುಗಳನ್ನು ಸೇರಿಸುವುದು ಲೇಸು. ಯಾವ ಹಿಂದಿನ ಮಾದರಿಗಳ ಪ್ರೋಗ್ರಾಂ ನಡೆಯುವುದು, ಯಾವುದು ನಡೆಯದು ಎಂಬುದನ್ನು ಮಾರಾಟಗಾರರು ಲಿಖಿತವಾಗಿ ತಿಳಿಸತಕ್ಕದ್ದು. ನಮ್ಮ ಪ್ರೋಗ್ರಾಂ ಹಾಗೂ ದತ್ತಾಂಶವನ್ನು ಇತರರೂ ಓದಬಲ್ಲ ರೂಪದಲ್ಲಿ ಹೊರತೆಗೆಯುವ ಸೌಲಭ್ಯವಿರತಕ್ಕದ್ದು. ತಂತ್ರಾಂಶ ನವೀಕರಣದಿಂದ ಇರುವ ಸೌಲಭ್ಯ ಹೋಗುವುದಾದರೆ ಮುಂಚಿತವಾಗಿ ಸೂಚನೆ ನೀಡತಕ್ಕದ್ದು. ಇವೆಲ್ಲಕ್ಕೂ ಮಿಗಿಲಾಗಿ, ಕೊನೆಯ ಕಂತು ಪಾವತಿಸುವ ಮುನ್ನ ನಮ್ಮದೇ ಹಳೆಯ ಪ್ರೋಗ್ರಾಂ ಒಂದನ್ನು ಹೊಸ ಯಂತ್ರದಲ್ಲಿ ನಡೆಸಿ ನೋಡೋಣ. ಹಣ ನಮ್ಮ ಕೈಯಲ್ಲಿರುವವರೆಗೆ ಮಾತ್ರ ನಮ್ಮ ಪ್ರಶ್ನೆಗೆ ಬೆಲೆ.