ತೆರೆದ ಮುಖವೋ, ಮುಚ್ಚಿದ ಮುಖವೋ? ಹೆಲ್ಮೆಟ್ ಕೊಳ್ಳುವ ಮುನ್ನ

ದ್ವಿಚಕ್ರ ವಾಹನವು ಇಂದು ನಮ್ಮ ಮನೆಮನೆಯ ಸದಸ್ಯನಂತಾಗಿದೆ. ಬೆಳಗಿನ ಹಾಲು ಡೇರಿಗೆ ಮುಟ್ಟುವುದು ಅದರ ಮೇಲೆ. ಮಕ್ಕಳು ಕಾಲೇಜಿಗೆ ತೆರಳುವುದು ಅದರ ಮೇಲೆ. ಹೊಲ, ಸಂತೆ, ಅಂಗಡಿ, ಬೀಗರ ಊರು, ಜಾತ್ರೆ ಎಲ್ಲಕ್ಕೂ ಅದೇ ಆಸರೆ. ಗಾಡಿಯ ಬಣ್ಣ, ಬೆಲೆ, ಮೈಲೇಜುಗಳ ಕುರಿತು ವಾರಗಟ್ಟಲೆ ಚರ್ಚಿಸುವ ಕುಟುಂಬಗಳು ಅದರೊಡನೆ ಕೊಳ್ಳಬೇಕಾದ ಹೆಲ್ಮೆಟ್ಟಿಗಾಗಿ ಐದು ನಿಮಿಷವನ್ನೂ ವ್ಯಯಿಸದಿರುವುದನ್ನು ಕಂಡಾಗ ನಮಗೆ ಸೋಜಿಗವೂ ವ್ಯಥೆಯೂ ಆಗುತ್ತದೆ.

ಹೆಲ್ಮೆಟ್ ಬೇಕೇ ಬೇಡವೇ ಎಂಬ ವಾದವನ್ನು ನಾವಿಲ್ಲಿ ಮತ್ತೆ ಎತ್ತುವುದಿಲ್ಲ. ಅದು ತೀರ್ಮಾನವಾದ ಸಂಗತಿ. ಈಗ ಮನೆಗಳಲ್ಲಿ ಕೇಳಿಬರುತ್ತಿರುವ ಪ್ರಶ್ನೆ ಬೇರೆ. ಅಂಗಡಿಯವರು ‘ಓಪನ್ ಫೇಸ್’ ಎಂದು ಕರೆಯುವ, ಮುಖವು ತೆರೆದಿರುವ ಹೆಲ್ಮೆಟ್ ಸಾಕೇ? ಅಥವಾ ‘ಫುಲ್ ಫೇಸ್’ ಎಂದು ಕರೆಯುವ, ಗದ್ದದವರೆಗೂ ಮುಚ್ಚುವ ಹೆಲ್ಮೆಟ್ಟೇ ಬೇಕೇ? ಸೆಕೆಯಾಗುತ್ತದೆಂದು ಮಗನು ಮೊದಲನೆಯದನ್ನು ಬಯಸುತ್ತಾನೆ. ಭಯದಿಂದ ತಾಯಿ ಎರಡನೆಯದನ್ನು ಬಯಸುತ್ತಾಳೆ. ಇಬ್ಬರ ಮಾತಿನಲ್ಲಿಯೂ ಅರ್ಥವಿದೆ. ಆದುದರಿಂದ ಈ ತಿಂಗಳು ಇದೇ ವಿಷಯವನ್ನು ಓದುಗ ಬಂಧುಗಳೊಡನೆ ವಿಚಾರ ಮಾಡಬಯಸುತ್ತೇವೆ.

ಮೊದಲು ಈ ಶಿರಸ್ತ್ರಾಣ ಬಂದ ಬಗೆಯನ್ನು ಸ್ವಲ್ಪ ನೋಡೋಣ. ‘ಅರೇಬಿಯಾದ ಲಾರೆನ್ಸ್’ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದಲ್ಲಿ ಮೋಟಾರು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಉರುಳಿಬಿದ್ದನು. ತಲೆಗೆ ಪೆಟ್ಟಾಗಿ ಪ್ರಜ್ಞೆ ಮರಳದೆ ಆರು ದಿನಗಳ ನಂತರ ಮರಣಹೊಂದಿದನು. ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಉಳಿಸಬಹುದಾಗಿದ್ದ ಜೀವಗಳು ಹೀಗೆ ಹೋಗುತ್ತಿರುವುದನ್ನು ಕಂಡು ಅವರು ಅಧ್ಯಯನ ಕೈಗೊಂಡು, 1941ರಲ್ಲಿ ಹೆಲ್ಮೆಟ್ಟಿನ ಮಹತ್ವವನ್ನು ಕುರಿತ ಲೇಖನವನ್ನು ಪ್ರಕಟಿಸಿದರು. ಅದೇ ವರ್ಷದ ಕೊನೆಯಲ್ಲಿ ಬ್ರಿಟಿಷ್ ಸೇನೆಯು ತನ್ನ ಮೋಟಾರು ಸೈಕಲ್ ಸಂದೇಶವಾಹಕರಿಗೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು.

ಆ ಕಾಲದ ಹೆಲ್ಮೆಟ್ಟುಗಳು ತಲೆಯ ಮೇಲ್ಭಾಗವನ್ನು ಮಾತ್ರ ಮುಚ್ಚುತ್ತಿದ್ದವು. ಬಳಿಕ ಕಿವಿ ಮತ್ತು ಹಿಂದಲೆಯನ್ನು ಮುಚ್ಚುವ ತೆರೆದ ಮುಖದ ಮಾದರಿ ಬಂದಿತು. ಗದ್ದದ ಮುಂದೆ ಕಮಾನಿನಂತೆ ಬರುವ ಕವಚವು ಕಾರು ಮತ್ತು ಮೋಟಾರು ಸೈಕಲ್ ಪಂದ್ಯಗಳಲ್ಲಿ ಕಾಣಿಸಿಕೊಂಡುದು 1960ರ ದಶಕದ ಕೊನೆಯಲ್ಲಿ. ಹೀಗೆ ಪೂರ್ಣಮುಖದ ಹೆಲ್ಮೆಟ್ ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ತೆರೆದ ಮುಖದ ಹೆಲ್ಮೆಟ್ಟಿನ ಕೊರತೆಯನ್ನು ತುಂಬಲು ಬಂದುದು.

ಹೆಲ್ಮೆಟ್ ಹೇಗೆ ಕಾಪಾಡುತ್ತದೆ ಎಂಬುದನ್ನು ಅರಿತರೆ ಆಯ್ಕೆ ಸುಲಭವಾಗುತ್ತದೆ. ಹೊರಗಿನ ಗಟ್ಟಿ ಚಿಪ್ಪೇ ಜೀವ ಉಳಿಸುತ್ತದೆಂದು ಹಲವರು ಭಾವಿಸಿದ್ದಾರೆ. ಚಿಪ್ಪಿನ ಕೆಲಸ ಚೂಪಾದ ವಸ್ತು ಒಳಗೆ ಚುಚ್ಚದಂತೆ ತಡೆಯುವುದು ಮತ್ತು ಪೆಟ್ಟನ್ನು ಅಗಲಕ್ಕೆ ಹಂಚುವುದು. ನಿಜವಾದ ರಕ್ಷಕನೆಂದರೆ ಅದರೊಳಗಿರುವ, ನಾವು ಥರ್ಮಾಕೋಲ್ ಎಂದು ಕರೆಯುವ ದಪ್ಪನೆಯ ಪದರ. ಪೆಟ್ಟು ಬಿದ್ದಾಗ ಅದು ತಾನು ನುಜ್ಜಾಗಿ, ತಲೆಯು ಥಟ್ಟನೆ ನಿಲ್ಲುವ ಬದಲು ಕೆಲವು ಮಿಲಿಸೆಕೆಂಡುಗಳ ಕಾಲ ನಿಧಾನವಾಗಿ ನಿಲ್ಲುವಂತೆ ಮಾಡುತ್ತದೆ. ಒಮ್ಮೆ ನುಜ್ಜಾದ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಂದು ಅಪಘಾತವನ್ನು ಕಂಡ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಬಳಸಲು ಯೋಗ್ಯವಲ್ಲ.

“ನಾವು ಊರೊಳಗೆ ನಿಧಾನವಾಗಿ ಓಡಿಸುವವರು, ನಮಗೇಕೆ ಇಷ್ಟೆಲ್ಲ?” ಎಂದು ಹಿರಿಯರು ಕೇಳುವುದುಂಟು. ಒಂದು ಲೆಕ್ಕವನ್ನು ಗಮನಿಸಿ. ಸವಾರನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರದಿಂದ ಬಿದ್ದ ಯಾವುದೇ ವಸ್ತು ನೆಲವನ್ನು ಮುಟ್ಟುವಾಗ ಗಂಟೆಗೆ ಸುಮಾರು 19 ಕಿಲೋಮೀಟರ್ ವೇಗವನ್ನು ಪಡೆದಿರುತ್ತದೆ. ಗಾಡಿ ನಿಂತಿದ್ದರೂ ಈ ವೇಗ ತಪ್ಪಿದ್ದಲ್ಲ. ಬರಿಯ ತಲೆ ಡಾಂಬರಿಗೆ ಅಥವಾ ಕಲ್ಲಿನ ಅಂಚಿಗೆ ಆ ವೇಗದಲ್ಲಿ ಬಡಿದರೆ ಪ್ರಾಣಕ್ಕೆ ಕುತ್ತು ಬರಲು ಅಷ್ಟೇ ಸಾಕು.

ಈಗ ಮೂಲ ಪ್ರಶ್ನೆಗೆ ಬರೋಣ. ತಲೆಬುರುಡೆಯ ಮಟ್ಟಿಗೆ ಹೇಳುವುದಾದರೆ, ಒಳ್ಳೆಯ ಗುಣಮಟ್ಟದ ತೆರೆದ ಮುಖದ ಹೆಲ್ಮೆಟ್ ನೆತ್ತಿ, ಕಿವಿ ಮತ್ತು ಹಿಂದಲೆಗಳನ್ನು ಕಾಪಾಡುತ್ತದೆ. ವ್ಯತ್ಯಾಸವಿರುವುದು ಕಣ್ಣಿನ ಕೆಳಗೆ. ಸವಾರನು ಬೀಳುವುದು ಬಹುಮಟ್ಟಿಗೆ ಮುಂದಕ್ಕೆ. ಎಮ್ಮೆ ಅಡ್ಡ ಬಂದಾಗ, ಕಾಣದ ರಸ್ತೆ ಉಬ್ಬಿಗೆ ಗಾಡಿ ನೆಗೆದಾಗ, ಕಬ್ಬು ಹೇರಿಕೊಂಡು ಹಿಂದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರಿಗೆ ಇರುಳಿನಲ್ಲಿ ಗಾಡಿ ಬಡಿದಾಗ ಮೊದಲು ಪೆಟ್ಟು ತಿನ್ನುವುದು ಮುಖವೇ. ಜರ್ಮನಿಯ ಹ್ಯಾನೋವರ್ ವೈದ್ಯಕೀಯ ವಿಶ್ವವಿದ್ಯಾಲಯದ ಅಪಘಾತ ಸಂಶೋಧಕ ಡೀಟ್ಮಾರ್ ಓಟೆ ಅವರು ಹೆಲ್ಮೆಟ್ಟುಗಳ ಮೇಲೆ ಪೆಟ್ಟು ಬಿದ್ದ ಜಾಗಗಳನ್ನು ಗುರುತಿಸಿದಾಗ, ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗದ್ದ ಮತ್ತು ದವಡೆಯ ಭಾಗದಲ್ಲಿಯೇ ಇದ್ದಿತು. ತೆರೆದ ಮುಖದ ಹೆಲ್ಮೆಟ್ಟಿನಲ್ಲಿ ಆ ಭಾಗಕ್ಕೆ ಏನೂ ರಕ್ಷೆಯಿಲ್ಲ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಿನ 900ಕ್ಕೂ ಹೆಚ್ಚು ಮೋಟಾರು ಸೈಕಲ್ ಅಪಘಾತಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ನೀಡಿದರು. ಮುಖವನ್ನು ಪೂರ್ತಿ ಮುಚ್ಚುವ ಹೆಲ್ಮೆಟ್ ಮುಖದ ಗಾಯಗಳನ್ನು ಗಣನೀಯವಾಗಿ ತಗ್ಗಿಸುತ್ತದೆಂದು ಅದು ಹೇಳಿತು. ಇನ್ನೊಂದು ಮಾತನ್ನೂ ಹೇಳುವುದು ನ್ಯಾಯ. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಹೆಲ್ಮೆಟ್ ಧಾರಣೆಯಿಂದ ಸಾವಿನ ಸಂಭವ ಶೇಕಡಾ 42ರಷ್ಟೂ ತಲೆಯ ಗಾಯದ ಸಂಭವ ಶೇಕಡಾ 69ರಷ್ಟೂ ಕಡಿಮೆಯಾಗುತ್ತದೆಂದು ತೀರ್ಮಾನಿಸಿತು. ಆದರೆ ಯಾವ ಮಾದರಿ ಮೇಲೆಂದು ಹೇಳಲು ಸಾಕಷ್ಟು ಆಧಾರ ದೊರೆಯಲಿಲ್ಲವೆಂದಿತು. ಇದರ ತಾತ್ಪರ್ಯವಿಷ್ಟೇ: ಬರಿದಲೆಗೂ ಹೆಲ್ಮೆಟ್ಟಿಗೂ ಇರುವ ಅಂತರವೇ ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ತೂಗುಹಾಕಿದ ಪೂರ್ಣಮುಖದ ಹೆಲ್ಮೆಟ್ಟಿಗಿಂತ ತಲೆಯ ಮೇಲಿರುವ ತೆರೆದ ಮುಖದ ಹೆಲ್ಮೆಟ್ ಮೇಲು. ಎರಡನ್ನೂ ಧರಿಸುವ ಮನಸ್ಸಿರುವವರಿಗೆ ಮಾತ್ರ ಗದ್ದದ ಕವಚವಿರುವುದೇ ಮೇಲೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಇನ್ನು ಆಕ್ಷೇಪಗಳು. ಮೊದಲನೆಯದು ಸೆಕೆ. ಕಲಬುರಗಿ, ರಾಯಚೂರು, ವಿಜಯಪುರಗಳ ಬೇಸಿಗೆಯನ್ನು ಬಲ್ಲ ಯಾರೂ ಇದನ್ನು ನೆಪವೆಂದು ತಳ್ಳಿಹಾಕಲಾರರು. ಪೂರ್ಣಮುಖದ ಹೆಲ್ಮೆಟ್ ಹೆಚ್ಚು ಬೆಚ್ಚಗಿರುವುದು ನಿಜ. ಗದ್ದದ ಬಳಿಯೂ ಹಣೆಯ ಮೇಲೂ ಗಾಳಿಕಂಡಿಗಳಿರುವ, ಹಿಂಬದಿಯಿಂದ ಬಿಸಿಗಾಳಿ ಹೊರಹೋಗುವ ಮಾದರಿಯನ್ನು ಆರಿಸಿದರೆ, ತಿಳಿಬಣ್ಣದ್ದನ್ನು ಕೊಂಡರೆ, ಒಳಗೆ ತೆಳುವಾದ ಹತ್ತಿಬಟ್ಟೆಯನ್ನು ಕಟ್ಟಿಕೊಂಡರೆ ಸಂಕಟ ಬಹಳ ಇಳಿಯುತ್ತದೆ. ಅದೇ ಬೇಸಿಗೆಯಲ್ಲಿ ಧೂಳು, ಹುಳು, ಲಾರಿಯ ಚಕ್ರದಿಂದ ಸಿಡಿವ ಗರಸು ಇವುಗಳಿಂದ ಕಣ್ಣು-ಬಾಯಿಗಳನ್ನು ಕಾಯುವುದೂ ಆ ಮುಚ್ಚಿದ ಮುಖವೇ.

ಎರಡನೆಯದು, ಪಕ್ಕದ ನೋಟ ಕಾಣುವುದಿಲ್ಲ, ಹಾರನ್ ಕೇಳುವುದಿಲ್ಲ ಎಂಬುದು. ಅಮೆರಿಕದ ಮಾನದಂಡವು ನಡುಗೆರೆಯಿಂದ ಎರಡೂ ಪಕ್ಕಗಳಿಗೆ ತಲಾ 105 ಡಿಗ್ರಿ ನೋಟ ತೆರೆದಿರಬೇಕೆಂದು ವಿಧಿಸುತ್ತದೆ; ಅದು ನಮ್ಮ ಕಣ್ಣಿನ ಸಹಜ ವ್ಯಾಪ್ತಿಗೆ ಸರಿಸಮವಾದುದೇ. ಹರ್ಟ್ ವರದಿಯೂ ಹೆಲ್ಮೆಟ್ಟಿನಿಂದ ನೋಟಕ್ಕಾಗಲಿ, ರಸ್ತೆಯ ಮುಖ್ಯ ಶಬ್ದಗಳನ್ನು ಕೇಳುವುದಕ್ಕಾಗಲಿ ಅಡ್ಡಿಯಾದುದನ್ನು ಕಾಣಲಿಲ್ಲ. ಗೀರುಬಿದ್ದು ಮಸುಕಾದ ಮುಂಗಾಜು, ಇರುಳಿನಲ್ಲಿಯೂ ಹಾಕಿಕೊಂಡ ಕಪ್ಪು ಗಾಜು ಇವು ನೋಟವನ್ನು ಕೆಡಿಸುತ್ತವೆ. ಅವನ್ನು ಬದಲಿಸುವುದು ಅಲ್ಪ ಖರ್ಚಿನ ಕೆಲಸ.

ಕನ್ನಡಕ ಧರಿಸುವವರ ತೊಂದರೆ ಮಾತ್ರ ನಿಜವಾದುದು. ಉಸಿರಿನ ಆವಿಯಿಂದ ಗಾಜು ಮಬ್ಬಾಗುತ್ತದೆ. ಹೆಲ್ಮೆಟ್ ಹಾಕುವಾಗ ಕನ್ನಡಕ ತೆಗೆಯಬೇಕಾಗುತ್ತದೆ. ಇಂಥವರಿಗೆ ಗದ್ದದ ಕವಚವನ್ನು ಮೇಲೆತ್ತಬಲ್ಲ ಮಡಚುವ ಮಾದರಿ ಅನುಕೂಲ. ಆದರೆ ಅದು ತೂಕದಲ್ಲಿ ಸ್ವಲ್ಪ ಹೆಚ್ಚು, ಮತ್ತು ಓಡಿಸುವಾಗ ಕವಚ ಕೆಳಗಿಳಿದು ಕೊಕ್ಕೆ ಬಿದ್ದಿರಲೇಬೇಕು. ಮೇಲೆತ್ತಿದ ಕವಚ ಇದ್ದೂ ಇಲ್ಲದಂತೆ. ಕೊರಳ ನೋವಿರುವ ಹಿರಿಯರು, ಊರೊಳಗೆ ಸ್ಕೂಟರಿನಲ್ಲಿ ಮಾತ್ರ ಓಡಾಡುವವರು ಭಾರ ತಾಳಲಾರದೆ ತೆರೆದ ಮುಖದ್ದನ್ನೇ ಆರಿಸಿದರೆ ನಾವು ಬೇಡವೆನ್ನುವುದಿಲ್ಲ. ಅದು ಕಿವಿ ಮತ್ತು ಹಿಂದಲೆಯನ್ನು ಪೂರ್ತಿ ಮುಚ್ಚುವಂತಿರಲಿ, ಉದ್ದನೆಯ ಮುಂಗಾಜನ್ನು ಹೊಂದಿರಲಿ. ಆದರೆ ಬಟ್ಟಲನ್ನು ಬೋರಲು ಹಾಕಿದಂತೆ ನೆತ್ತಿಯ ಮೇಲೆ ಕೂರುವ, ದಂಡ ತಪ್ಪಿಸಿಕೊಳ್ಳಲೆಂದೇ ರಸ್ತೆಬದಿಯಲ್ಲಿ ಕೊಳ್ಳುವ ಅರೆ ಹೆಲ್ಮೆಟ್ಟನ್ನು ಯಾರೂ ತಲೆಗೇರಿಸಬಾರದು. ಅದು ಪೋಲೀಸರ ಕಣ್ಣನ್ನು ತಪ್ಪಿಸೀತು, ರಸ್ತೆಯ ಪೆಟ್ಟನ್ನು ತಪ್ಪಿಸಲಾರದು.

ಹಣೆಯ ವಿಭೂತಿ ಅಳಿಸುತ್ತದೆ, ತುರುಬಿನ ಹೂವು ಬಾಡುತ್ತದೆ, ರುಮಾಲಿನ ಮೇಲೆ ಕೂರುವುದಿಲ್ಲ ಎಂಬ ಮಾತುಗಳನ್ನೂ ನಾವು ಕೇಳಿದ್ದೇವೆ. ವಿಭೂತಿಯನ್ನು ಇಳಿದ ಮೇಲೆ ಮತ್ತೆ ಧರಿಸಬಹುದು. ತುರುಬನ್ನು ಕೊರಳಿನ ಬಳಿಗೆ ಇಳಿಸಿ ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಕಾನೂನು ವಿನಾಯಿತಿ ಕೊಟ್ಟಿರುವುದು ಪೇಟ ಧರಿಸಿದ ಸಿಖ್ಖರಿಗೆ. ನಮ್ಮ ರುಮಾಲಿಗೆ ಅಲ್ಲ. ರುಮಾಲನ್ನು ಚೀಲದಲ್ಲಿಟ್ಟು, ಊರು ಮುಟ್ಟಿದ ಮೇಲೆ ಸುತ್ತಿಕೊಳ್ಳುವುದರಲ್ಲಿ ಯಾವ ಅಗೌರವವೂ ಇಲ್ಲ.

ಗೃಹಿಣಿಯರ ವಿಷಯವಾಗಿ ವಿಶೇಷವಾಗಿ ಹೇಳಬೇಕಾಗಿದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದುದು 2016ರ ಜನವರಿಯಲ್ಲಿ. ಆದರೂ ಯಜಮಾನರ ತಲೆಗೆ ಪೂರ್ಣಮುಖದ ಹೆಲ್ಮೆಟ್, ಸೀರೆಯುಟ್ಟು ಒಂದೇ ಬದಿಗೆ ಕಾಲಿಳಿಬಿಟ್ಟು ಕುಳಿತ ಮನೆಯೊಡತಿಯ ತಲೆಗೆ ಸೆರಗು ಮಾತ್ರ ಎಂಬ ನೋಟ ಇಂದಿಗೂ ಅಪರೂಪವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಮೃತರಾದವರು 50,029 ಮಂದಿ; ಅವರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು. ಹಿಂದೆ ಕುಳಿತವರಿಗೆ ಹಿಡಿಯಲು ಹ್ಯಾಂಡಲ್ ಇಲ್ಲ, ಮುಂದಿನ ಗುಂಡಿಯ ಸುಳಿವೂ ಇಲ್ಲ. ಹೀಗಿರುವಾಗ ಅವರ ಹೆಲ್ಮೆಟ್ ಕಡಿಮೆ ಬೆಲೆಯದಾಗಿರಬೇಕೆಂಬುದು ಯಾವ ನ್ಯಾಯ?

ಮಕ್ಕಳ ಮಾತೂ ಅಷ್ಟೇ. ಮೋಟಾರು ವಾಹನ ಕಾಯಿದೆಯ 129ನೆಯ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯಂತೆ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಹೆಲ್ಮೆಟ್ ಧರಿಸಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅಳತೆಗೊಪ್ಪುವ ಹೆಲ್ಮೆಟ್ ಮತ್ತು ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2022ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ದೊಡ್ಡವರ ಹೆಲ್ಮೆಟ್ಟನ್ನು ಮಗುವಿನ ತಲೆಗೆ ಇಟ್ಟರೆ ಅದು ರಕ್ಷೆಯಲ್ಲ, ಭಾರ ಮಾತ್ರ.

ಕೊಳ್ಳುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಐಎಸ್ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ಇರಲೇಬೇಕು. ಈ ಗುರುತಿಲ್ಲದ ಹೆಲ್ಮೆಟ್ಟಿನ ಮಾರಾಟವು 2021ರ ಜೂನ್ 1ರಿಂದ ನಿಷಿದ್ಧವಾಗಿದೆ. ಗದ್ದದ ಕವಚದೊಳಗೆ ಬೆರಳಾಡಿಸಿ ನೋಡಿ. ಅಲ್ಲಿಯೂ ಗಟ್ಟಿ ಥರ್ಮಾಕೋಲ್ ಪದರ ಇದ್ದರೆ ಅದು ನಿಜವಾದ ರಕ್ಷೆ. ಬರಿಯ ಪ್ಲಾಸ್ಟಿಕ್ ಇದ್ದರೆ ತೋರಿಕೆ. ಹೆಲ್ಮೆಟ್ ತೊಟ್ಟು ಕೊರಳಪಟ್ಟಿ ಬಿಗಿದು ತಲೆಯನ್ನು ಅತ್ತಿತ್ತ ಆಡಿಸಿ: ಕೆನ್ನೆಯ ಚರ್ಮವೂ ಜೊತೆಯಲ್ಲಿ ಚಲಿಸಬೇಕು, ಹೆಲ್ಮೆಟ್ ಒಂದೇ ತಿರುಗಬಾರದು. ಹಿಂದಿನಿಂದ ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ಪಟ್ಟಿಯ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಸಡಿಲ ಬೇಡ. ಪಟ್ಟಿ ಕಟ್ಟದ ಹೆಲ್ಮೆಟ್ ತಲೆ ನೆಲ ಮುಟ್ಟುವ ಮೊದಲೇ ದೂರ ಹಾರಿರುತ್ತದೆ. ಪೆಟ್ರೋಲು, ಥಿನ್ನರ್ ಹಾಕಿ ಒರೆಸಬೇಡಿ. ಸೌಮ್ಯ ಸೋಪಿನ ನೀರು ಸಾಕು. ಬೀಳದಿದ್ದರೂ ಸುಮಾರು ಐದು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಓದುಗ ಬಂಧುಗಳೇ, ತಲೆಯೆಂದರೆ ಬುರುಡೆಯೊಂದೇ ಅಲ್ಲ. ಉಣ್ಣುವ ಬಾಯಿ, ನುಡಿಯುವ ನಾಲಗೆ, ಮಕ್ಕಳು ಗುರುತಿಸುವ ಮುಖ ಇವೆಲ್ಲವೂ ಅದರಲ್ಲಿಯೇ ಇವೆ. ಮುರಿದ ದವಡೆಗೆ ತಂತಿ ಕಟ್ಟಿಸಿಕೊಂಡು ವಾರಗಟ್ಟಲೆ ಗಂಜಿ ಹೀರುವವನ ಸಂಕಟವನ್ನು ಅವನ ಮನೆಯವರು ಬಲ್ಲರು. ಹೊಸ ಗಾಡಿಗೆ ಪೂಜೆ ಮಾಡಿಸುವ ದಿನವೇ ಅದರ ಮೇಲೆ ಕೂರುವ ಪ್ರತಿಯೊಬ್ಬರಿಗೂ, ಹಿಂದೆ ಕೂರುವವರಿಗೂ ಸೇರಿಸಿ, ಅವರವರ ಅಳತೆಯ ಪೂರ್ಣಮುಖದ ಹೆಲ್ಮೆಟ್ಟನ್ನು ಮನೆಗೆ ತನ್ನಿ. ಅದರ ಖರ್ಚನ್ನು ಗಾಡಿಯ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕಿ. ಹೊಸಿಲು ದಾಟುವ ಮಗನಿಗೆ “ಜೋಪಾನ” ಎಂದು ಹೇಳುವಾಗ, ಕೊರಳಪಟ್ಟಿ ಬಿಗಿದಿದೆಯೇ ಎಂದು ಒಮ್ಮೆ ಕೈಯಿಂದ ಮುಟ್ಟಿ ನೋಡಿ ಕಳುಹಿಸಿರೆಂದು ನಮ್ಮ ವಿನಂತಿ.