ಡೆವನ್ನಿನ ಅಗ್ಗದ ಪಾನೀಯ

ಸೇಬನ್ನು ಜಜ್ಜಿ ಹಿಂಡಿದ ರಸವನ್ನು ಪೀಪಾಯಿಯಲ್ಲಿಟ್ಟರೆ ಸೈಡರು ತಾನಾಗಿಯೇ ಸಿದ್ಧವಾಗುತ್ತದೆ. ಹಣ್ಣಿನೊಡನೆ ಬಂದ ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಹಿಂದೆ ಕೂಲಿಯ ಒಂದು ಭಾಗವನ್ನೇ ಸೈಡರಿನ ರೂಪದಲ್ಲಿ ಕೊಡುವ ರೂಢಿಯಿದ್ದಿತು. ಆದರೆ ಕುಡಿದವರಲ್ಲಿ ಅನೇಕರಿಗೆ ತಡೆಯಲಾರದ ಹೊಟ್ಟೆಶೂಲೆ, ಕೈಗಳಲ್ಲಿ ಬಲವೇ ಉಡುಗಿಹೋಗುವ ಬೇನೆ! ಹಣ್ಣಿನ ಹುಳಿಯೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಿದ್ದರು. 1767ರಲ್ಲಿ ಡಾ. ಜಾರ್ಜ್ ಬೇಕರ್ ನಿಜವನ್ನು ಹೊರಗೆಡಹಿದರು: ಗಾಣದ ಕಲ್ಲುಗಳ ಸಂದಿಗೆ ಎರೆದಿದ್ದ ಸೀಸವು ಹುಳಿರಸದಲ್ಲಿ ಕರಗುತ್ತಿದ್ದಿತು. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಣಿಸೆಯ ಸಾರನ್ನಿಡದ ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಜಿನ ಜಾಡಿಯಲ್ಲಿ ಮಾಡಿದರೆ ಆ ಭಯವಿಲ್ಲ; ಆದರೆ ಹುದುಗುವುದು ಮುಗಿಯುವ ಮುನ್ನ ಬಿರಡೆ ಬಿಗಿದರೆ, ಒಳಗಿನ ಅನಿಲದ ಒತ್ತಡಕ್ಕೆ ಶೀಷೆ ಸಿಡಿಯುವುದುಂಟು.