ಸೈರನ್ ಇದ್ದರೆ ಸಾಕೇ?

ಆಟೊರಿಕ್ಷಾ ಓಡಿಸುವವನಿಗೆ ಪರ್ಮಿಟ್ ಬೇಕು, ಮೀಟರ್ ಬೇಕು. ಬೆಂಗಳೂರಿನಲ್ಲಿ ಅವನು ಮೊದಲ ಎರಡು ಕಿಲೋಮೀಟರಿಗೆ ಎಷ್ಟು ಪಡೆಯಬೇಕೆಂಬುದನ್ನೂ ಅಧಿಕಾರಿಗಳೇ ಗೊತ್ತುಮಾಡುತ್ತಾರೆ. 2025ರ ಆಗಸ್ಟ್ ತಿಂಗಳಿನಲ್ಲಿ ಆ ದರವನ್ನು 36 ರೂಪಾಯಿಗೆ ಏರಿಸಲಾಯಿತು. ಆದರೆ ಸಾವು ಬದುಕಿನ ನಡುವೆ ಇರುವ ಮನುಷ್ಯನನ್ನು ಹೊತ್ತೊಯ್ಯುವ ಆಂಬುಲೆನ್ಸಿಗೆ ಪರ್ಮಿಟ್ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 66ನೆಯ ಪ್ರಕರಣವು ಪೊಲೀಸ್ ಮತ್ತು ಅಗ್ನಿಶಾಮಕ ವಾಹನಗಳೊಡನೆ ಆಂಬುಲೆನ್ಸಿಗೂ ವಿನಾಯಿತಿ ನೀಡಿದೆ.

ಈ ವಿನಾಯಿತಿಯ ಹಿಂದಿನ ಉದ್ದೇಶ ಒಳ್ಳೆಯದೇ. ಜೀವ ಉಳಿಸುವ ವಾಹನವು ಸಾರಿಗೆ ಕಚೇರಿಯ ಬಾಗಿಲಲ್ಲಿ ಕಾಯಬಾರದು. ಆದರೆ ಪರ್ಮಿಟ್ಟಿನಿಂದ ದೊರೆತ ವಿನಾಯಿತಿಯು ಹೊಣೆಗಾರಿಕೆಯಿಂದಲೇ ದೊರೆತ ವಿನಾಯಿತಿಯಾಗಿ ಪರಿಣಮಿಸಬಾರದಲ್ಲವೇ? ವಾಹನಕ್ಕೆ ನೋಂದಣಿ, ವಿಮೆ, ಎಫ್.ಸಿ. ಇದ್ದರೆ ಅದು ರಸ್ತೆಯಲ್ಲಿ ಓಡಲು ಯೋಗ್ಯವೆಂದಷ್ಟೇ ಅರ್ಥ. ಒಳಗೆ ಮಲಗಿದವನ ಉಸಿರನ್ನು ಕಾಯಲು ಯೋಗ್ಯವೇ ಎಂಬ ಪ್ರಶ್ನೆಗೆ ಆ ಕಾಗದಗಳಲ್ಲಿ ಉತ್ತರವಿಲ್ಲ.

ಕೇಂದ್ರ ಸರಕಾರವು 2016ರಲ್ಲಿ ಅಧಿಸೂಚನೆ ಹೊರಡಿಸಿ, 2018ರ ಏಪ್ರಿಲ್‌ನಿಂದ ಹೊಸ ಆಂಬುಲೆನ್ಸ್‌ಗಳಿಗೆ ಎ.ಐ.ಎಸ್. 125 ಎಂಬ ಮಾನದಂಡವನ್ನು ಕಡ್ಡಾಯಗೊಳಿಸಿತು. ಅದರಲ್ಲಿ ನಾಲ್ಕು ವರ್ಗಗಳಿವೆ: ಮೊದಲ ನೆರವಿನದು, ರೋಗಿಯನ್ನು ಸಾಗಿಸುವುದು, ಮೂಲಭೂತ ಜೀವರಕ್ಷಣೆಯದು, ಉನ್ನತ ಜೀವರಕ್ಷಣೆಯದು. ಸ್ವಾಗತಾರ್ಹವೇ. ಆದರೆ ಅದು ಬಹುಮಟ್ಟಿಗೆ ವಾಹನದ ರಚನೆಗೆ ಸಂಬಂಧಿಸಿದ ಮಾನದಂಡ. ಖರೀದಿಸಿದ ದಿನ ಸರಿಯಾಗಿದ್ದ ಗಾಡಿ ಐದು ವರ್ಷಗಳ ಬಳಿಕ ಏನಾಗಿದೆ, ಅದರಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನು ನೋಡುವ ಕಣ್ಣು ಬೇರೆಯೇ ಬೇಕು.

ಒಂದು ಸರಳ ಲೆಕ್ಕ ಮಾಡಿ ನೋಡೋಣ. ಆಂಬುಲೆನ್ಸ್‌ಗಳಲ್ಲಿ ಸಾಮಾನ್ಯವಾಗಿರುವ ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಹಿಡಿಯುತ್ತದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕಾದರೆ ಅದು 150 ನಿಮಿಷ ಬರುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಲು ಸುಮಾರು ಎರಡು ಗಂಟೆ ಬೇಕು. ಸಿಲಿಂಡರ್ ತುಂಬಿದ್ದರೆ ಬದುಕು. ಅರ್ಧವೇ ಇದ್ದರೆ 75 ನಿಮಿಷಕ್ಕೆ, ಅಂದರೆ ದಾರಿಯ ಮಧ್ಯದಲ್ಲಿಯೇ ಮುಗಿಯುತ್ತದೆ. ಹೊರಡುವ ಮುನ್ನ ಆ ಮುಳ್ಳನ್ನು ನೋಡಬೇಕಾದವರು ಯಾರು? ರೋಗಿಯ ಹೆಂಡತಿಯೇ? ಅಳುತ್ತಿರುವ ಮಗನೇ?

ಹೈಸ್ಕೂಲು ಮಕ್ಕಳಿಗೆ ತ್ರಿಕೋನಮಿತಿ ಹೇಳಿಕೊಡಲು ಬಿ.ಎಡ್. ಇರಬೇಕೆಂದು ನಮ್ಮ ಸರಕಾರ ವಿಧಿಸಿತ್ತು, ಅದು ಸರಿಯಾದುದೇ. ಉಸಿರು ನಿಲ್ಲುತ್ತಿರುವವನ ಪಕ್ಕದಲ್ಲಿ ಕೂರಲು ಮಾತ್ರ ಚಾಲಕನ ಪರಿಚಯದ ಹುಡುಗನಿದ್ದರೆ ಸಾಕೆಂದರೆ ಹೇಗೆ? ತರಬೇತಾದ ಪ್ಯಾರಾಮೆಡಿಕ್‌ಗಳ ವೃತ್ತಿಯನ್ನು 2021ರ ರಾಷ್ಟ್ರೀಯ ಕಾಯ್ದೆಯೇ ಗುರುತಿಸಿದೆ. ಅದಕ್ಕಿಂತ ಬಹು ಹಿಂದೆ, 1996ರಲ್ಲಿಯೇ, ರೈಲಿನಿಂದ ಬಿದ್ದ ಬಂಗಾಳದ ಕೂಲಿಕಾರನೊಬ್ಬನನ್ನು ಆಸ್ಪತ್ರೆಗಳು ಸೇರಿಸಿಕೊಳ್ಳದೆ ಅಲೆದಾಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆಂಬುಲೆನ್ಸಿನಲ್ಲಿ ಅಗತ್ಯ ಉಪಕರಣಗಳೂ ವೈದ್ಯಕೀಯ ಸಿಬ್ಬಂದಿಯೂ ಇರಬೇಕೆಂದು ಹೇಳಿತ್ತು. ಕೋವಿಡ್ ಕಾಲದ ಸುಲಿಗೆಯನ್ನು ಕಂಡು, 2020ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯವು ನ್ಯಾಯವಾದ ಬಾಡಿಗೆಯನ್ನು ನಿಗದಿಮಾಡುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ಹೇಳಬೇಕಾದ ಮಾತೆಲ್ಲ ಹೇಳಿಯಾಗಿದೆ. ಕೊರತೆಯಿರುವುದು ಪಾಲನೆಯಲ್ಲಿ.

ಆದುದರಿಂದ, ಯಾವ ಕಾಯ್ದೆಯ ಅಡಿಯಲ್ಲಾದರೂ ಸರಿ, ಪರವಾನಗಿಯನ್ನು ಗಾಡಿಗಲ್ಲ, ಸೇವೆಗೆ ಕೊಡಬೇಕು. ಆ ಪರವಾನಗಿಯಲ್ಲಿ ನಾಲ್ಕು ಷರತ್ತುಗಳಿರಲಿ. ವಾಹನದ ವರ್ಗವನ್ನು ಹೊರಮೈಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಬೇಕು. ಜೀವರಕ್ಷಕ ವರ್ಗದ ವಾಹನದಲ್ಲಿ ತರಬೇತಾದ ಸಿಬ್ಬಂದಿ ಕಡ್ಡಾಯವಾಗಿರಬೇಕು. ಕಿಲೋಮೀಟರಿಗೆ ಇಂತಿಷ್ಟು ಎಂಬ ದರಪಟ್ಟಿ ಬಾಗಿಲ ಮೇಲಿರಬೇಕು. ವರ್ಷಕ್ಕೆ ಎರಡು ಬಾರಿಯಾದರೂ ಆರೋಗ್ಯ ಇಲಾಖೆಯವರು ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. "ಲೈಸೆನ್ಸ್ ಎಂದರೆ ಮತ್ತೊಂದು ಲಂಚದ ಕಿಟಕಿ" ಎನ್ನುವರು. ಲಂಚದ ಭಯಕ್ಕೆ ನಾವು ವಾಹನ ಚಾಲನೆಯ ಪರೀಕ್ಷೆಯನ್ನು ರದ್ದುಮಾಡಿದ್ದೇವೆಯೇ? ತಪಾಸಣೆಯ ಫಲಿತಾಂಶವನ್ನು ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ಊರಿನ ಕಣ್ಣಿಗೆ ಲಂಚ ಕೊಡಲಾಗದು. ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು: ಕಟ್ಟುನಿಟ್ಟು ಮಾಡಿದರೆ ಹಳ್ಳಿಗಳ ಒಂಟಿ ಗಾಡಿಯ ಮಾಲೀಕರು ಮುಚ್ಚಿಕೊಂಡು ಹೋಗುತ್ತಾರೆ, ಆಗ ಇರುವುದೂ ಇಲ್ಲವಾಗುತ್ತದೆ. ನಡುರಾತ್ರಿ ಕರೆದರೂ ಬರುವ ಆ ಚಾಲಕರ ಉಪಕಾರವನ್ನು ನಾನು ಅಲ್ಲಗಳೆಯಲಾರೆ. 2008ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಉಚಿತ 108 ಸೇವೆಯೂ ಪ್ರತಿ ಕರೆಗೂ ತಕ್ಷಣ ಬರಲಾಗುವುದಿಲ್ಲ. ಅದಕ್ಕೆಂದೇ ವರ್ಗಗಳಿರುವುದು. ಡಯಾಲಿಸಿಸ್ಸಿಗೆ ಹೋಗುವವರನ್ನು, ಮೂಳೆ ಮುರಿದವರನ್ನು ಸಾಗಿಸಲು ಅವರು ಸುಲಭ ಷರತ್ತಿನ ಪರವಾನಗಿ ಪಡೆಯಲಿ. ಮೇಲಿನ ವರ್ಗಕ್ಕೆ ಏರಬಯಸುವವರಿಗೆ ಸರಕಾರವೇ ತರಬೇತಿಯನ್ನೂ ಸಾಲವನ್ನೂ ಕೊಡಲಿ. ಆದರೆ ಸಾಗಿಸುವ ಗಾಡಿಯ ಮೇಲೆ "ಐ.ಸಿ.ಯು." ಎಂದು ಬರೆಸಿಕೊಳ್ಳುವುದು ಸೇವೆಯಲ್ಲ, ವಂಚನೆ.

ಸೈರನ್ ಕೇಳಿದೊಡನೆ ನಾವೆಲ್ಲ ಬದಿಗೆ ಸರಿಯುತ್ತೇವೆ. ಸರಿಯದವರಿಗೆ 2019ರ ತಿದ್ದುಪಡಿಯ ಪ್ರಕಾರ ಹತ್ತು ಸಾವಿರ ರೂಪಾಯಿವರೆಗೆ ದಂಡವೂ ಆರು ತಿಂಗಳವರೆಗೆ ಸೆರೆವಾಸವೂ ಉಂಟು. ದಾರಿ ಬಿಡುವ ನಮ್ಮ ಕರ್ತವ್ಯಕ್ಕೆ ಇಷ್ಟು ಬಿಗಿಯಾದ ಕಾನೂನು ಇರುವಾಗ, ಆ ದಾರಿಯಲ್ಲಿ ಹೋಗುವವರ ಕರ್ತವ್ಯವೂ ಅಷ್ಟೇ ಬಿಗಿಯಾಗಿರಬೇಕೆಂದು ಕೇಳುವುದು ಅತಿಯೇ?

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ವೈದ್ಯರು, ಕೆಲವರು ಅಧಿಕಾರಿಗಳು, ಪಂಚಾಯಿತಿ ಸದಸ್ಯರೂ ಇದ್ದೀರಿ. ನಿಮ್ಮ ನಿಮ್ಮ ಸ್ಥಾನದಿಂದ ಈ ಮಾತನ್ನು ಎತ್ತಿ. ಉಳಿದವರು, ಬಂಧುಗಳೂ ಸೇರಿದಂತೆ, ಆಂಬುಲೆನ್ಸ್ ಕರೆಯಬೇಕಾದ ಗಳಿಗೆಯಲ್ಲಿ ಮೂರು ಪ್ರಶ್ನೆಗಳನ್ನು ಮರೆಯದಿರಿ: ಸಿಲಿಂಡರಿನಲ್ಲಿ ಎಷ್ಟಿದೆ? ಜೊತೆಗೆ ಬರುವವರು ಏನು ಕಲಿತಿದ್ದಾರೆ? ಬಾಡಿಗೆ ಎಷ್ಟು? ಇವನ್ನು ಕೇಳುವ ಕೆಲಸ ಸರಕಾರದ್ದು. ಅದು ಕೇಳುವವರೆಗೆ ನಾವೇ ಕೇಳಬೇಕಾಗಿದೆ.